ಪೆಟ್ಟಿನ ಲೆಕ್ಕದ ಕತಿ

ಸೂಟಿ ಶುರು ಆತಂದ್ರ ಎಲ್ಲಾರ ಮನ್ಯಾಗೂ ಒಂದ ನಮೂನಿ ಮಾತು ಕಿವಿಗೆ ಬೀಳತಾವ. "ನಂದು ಕ್ರಿಟ್ ರೇಟ್ ಅರವತ್ತ ಆತು, ನಿಂದೆಷ್ಟ?" "ಆ ವೈರಿಗೆ ಪೈರೋ ಹತ್ತೂದಿಲ್ಲೋ, ಹೈಡ್ರೋದಾಕಿನ್ನ ತೊಗೊ." "ಇನ್ನ ಹನ್ನೆರಡ ಪುಲ್ ಆದ್ರ ಪಿಟಿ ಬರತದ." ವೈನಿ, ಅಕ್ಕಾರ, ಮೌಶಿ, ನೀವೂ ಕೇಳಿರ್ತೀರಿ. ಕೇಳಿ, "ಇದ್ಯಾವ ಭಾಷಾನೋ ಮಾರಾಯಾ" ಅಂತ ಚಹಾಕ್ಕ ನೀರಿಡಲಿಕ್ಕೆ ಒಳಗ ಹೋಗಿರ್ತೀರಿ.

ಆದ್ರ ಈ ಮಾತಿನ ಹಿಂದ ಎರಡ ಇತಿಹಾಸ ಅವ. ಒಂದು ಪೆಟ್ಟಿನ ಲೆಕ್ಕದ್ದು, ಅದಕ್ಕ ಇನ್ನೂರ ವರ್ಷ ಆತು. ಇನ್ನೊಂದು ರೊಕ್ಕ ಹಾಕಿ ಹಿಡಿಕಿ ತಿರುವೋ ಡಬ್ಬಿದು, ಅದಕ್ಕ ಅರವತ್ತ ವರ್ಷ. ಎರಡೂ ಬ್ಯಾರೆ ಬ್ಯಾರೆ ದಾರಿ ಹಿಡದು ಬಂದು 2010ರ ಆಜೂಬಾಜೂ ಜಪಾನಿನ ಮೊಬೈಲಿನ್ಯಾಗ ಒಂದಾದ್ವು. ಹಂಗ ಒಂದಾದ ಆಟಕ್ಕ ಗಾಚಾ ಆಟ ಅಂತಾರ. ಅದು ಈಗ ನಮ್ಮ ಹುಡುಗೂರ ಕೈಯಾಗ ಅದ, ನಮ್ಮ ಯುಪಿಐ ಅದರ ಬೆನ್ನಿಗೆ ಗಂಟು ಬಿದ್ದದ. ಅದಕ್ಕ ಎರಡೂ ಕತಿ ನಮಗ ಗೊತ್ತಿರೋದು ಛಲೋ.

ಮೊದಲ ಚದುರಂಗದಿಂದ ಶುರು ಮಾಡೋಣು. ಚದುರಂಗ ನಮ್ಮ ದೇಶದಾಗ ಹುಟ್ಟಿದ್ದು. ಕಾಲಾಳು, ಕುದರಿ, ಆನಿ, ರಥ ಇಟಗೊಂಡು ಪರ್ಶಿಯಾಕ್ಕ ಹೋತು, ಅಲ್ಲಿಂದ ಅರಬರ ಕೈ ದಾಟಿ ಯುರೋಪಿಗೆ ಹೋತು. ಆ ಆಟದಾಗ ಒಂದ ಸಂಗತಿ ಲಕ್ಷ್ಯಕ್ಕ ತೊಗೋರಿ: ಒಂದ ಸಣ್ಣ ಕಾಲಾಳು ಹೋಗಿ ಆನೀನ್ನ ಹೊಡದ್ರ ಆನಿ ಪೂರಾ ಹೋತು. ಗಾಯ ಆದ ಆನಿ, ಅರ್ಧ ಜೀವದ ಆನಿ ಅನ್ನೋದ ಇಲ್ಲ. ಅಂದ್ರ ಅಲ್ಲೆ ಪೆಟ್ಟು ಅದ, ಪೆಟ್ಟಿಗೆ ಅಳತಿ ಇಲ್ಲ.

ಈ ಅಳತಿ ಹುಟ್ಟಿದ್ದು ಪ್ರಷ್ಯಾದಾಗ, ಅಂದ್ರ ಈಗಿನ ಜರ್ಮನಿ ಕಡೆ. ನೆಪೋಲಿಯನ್ನನ ಕಾಲ ಅದು. ಗಿಯೋರ್ಗ್ ಲಿಯೋಪೋಲ್ಡ್ ಫಾನ್ ರೈಸ್‌ವಿಟ್ಸ್ ಅನ್ನಾಂವ 1812ರಾಗ ಅಲ್ಲಿನ ರಾಜಾ ಮೂರನೇ ಫ್ರೀಡ್ರಿಕ್ ವಿಲ್ಹೆಲ್ಮಗ ಒಂದ ಯುದ್ಧದ ಆಟದ ಮೇಜು ಮಾಡಿಸಿ ಕೊಟ್ಟ. ಗುಡ್ಡ, ಹೊಳಿ, ಊರು ಎಲ್ಲಾ ಬಿಡಿ ಬಿಡಿ ತುಂಡಿನ್ಯಾಗ ಮಾಡಿದ್ದು, ಬೇಕಾದಂಗ ಜೋಡಸಬಹುದಿತ್ತು. ಅವನ ಮಗಾ ಸೈನ್ಯದಾಗ ಅಧಿಕಾರಿ ಇದ್ದ. ಅಪ್ಪನ ಆಟಾನ್ನ ತಿದ್ದಿ ತೀಡಿ, ಮೇಜಿನ ಬದ್ಲಿ ನಕಾಶೆ ತಂದು, ದಾಳ ಹಾಕೋ ಕ್ರಮ ಬರದು 1824ರಾಗ ಪುಸ್ತಕಾ ಮಾಡಿದ. ಅದಕ್ಕ ಕ್ರೀಗ್ಸ್‌ಶ್ಪೀಲ್ ಅಂತ ಹೆಸರು, ಯುದ್ಧದ ಆಟ ಅಂತನ ಅರ್ಥ. ಸೈನ್ಯದ ದೊಡ್ಡ ಅಧಿಕಾರಿ ಮ್ಯೂಫ್ಲಿಂಗ್ ಅದನ್ನ ನೋಡಿ, ಇದು ಬರೇ ಆಟ ಅಲ್ಲ, ಅಧಿಕಾರಿಗಳಿಗೆ ಶಿಕ್ಷಣ ಅಂತ ಮೆಚ್ಚಿಕೊಂಡ.

ಇದರಾಗ ಒಂದ ತುಕಡಿ ಒಮ್ಮೆಲೆ ಸಾಯೂದಿಲ್ಲ. ದಾಳ ಹಾಕಬೇಕು, ಪಟ್ಟಿ ನೋಡಬೇಕು, ಇಷ್ಟ ದೂರದಿಂದ ಗುಂಡು ಹೊಡದ್ರ ಇಷ್ಟ ನಷ್ಟ ಅಂತ ಬರಕೊಳ್ಳಬೇಕು. ನಷ್ಟ ಕೂಡುತ್ತಾ ಕೂಡುತ್ತಾ ಒಂದ ಮಟ್ಟಕ್ಕ ಬಂದ ಮ್ಯಾಲೆ ತುಕಡಿ ಹೋತು. ನಮ್ಮ ಅಕ್ಕಿ ಡಬ್ಬಿ ಇದ್ದಂಗ ನೋಡ್ರಿ. ದಿನಾ ತಗೀತೇವಿ, ಇನ್ನ ಎಷ್ಟ ಅದ ಅಂತ ಕಣ್ಣಿಗೆ ಕಾಣತದ, ತಳಾ ಕಂಡಾಗ ಮುಗೀತು. ಹುಡುಗೂರು ಇವತ್ತು ಹೆಚ್‌ಪಿ ಅಂತಾರಲ್ಲಾ, ಹಸರ ಗೀಟು ಸಣ್ಣ ಆಗಕೋತ ಹೋಗತದಲ್ಲಾ, ಅದರ ಹಳೇ ಬೇರು ಇದು.

ಮುಂದ ಈ ಲೆಕ್ಕಾ ಸಮುದ್ರಕ್ಕ ಇಳೀತು. ಇಂಗ್ಲೆಂಡಿನಾಗ ಫ್ರೆಡ್ ಟಿ. ಜೇನ್ ಅನ್ನಾಂವ 1898ರಾಗ ಹಡಗಿನ ಯುದ್ಧದ ಆಟ ತಂದ. ಹಡಗಿಗೆ ಕಬ್ಬಿಣದ ಹೊದಿಕಿ ಇರತದ. ಹೊದಿಕಿ ದಪ್ಪ ಇದ್ದಲ್ಲೆ ಗುಂಡು ನಾಟೂದಿಲ್ಲ, ತೆಳ್ಳಗ ಇದ್ದಲ್ಲೆ ನಾಟತದ. ಹಿಂಗಾಗಿ ಹಡಗಿನ ಆಟದಾಗ ಎರಡ ಪ್ರಶ್ನಿ ಬ್ಯಾರೆ ಬ್ಯಾರೆ ಆದ್ವು: ಪೆಟ್ಟು ಒಳಗ ನಾಟಿತೋ ಇಲ್ಲೋ, ಮತ್ತ ನಾಟಿದ್ರ ಎಷ್ಟ ಕೆಡಸಿತು. ಇವತ್ತಿನ ಡಿಫೆನ್ಸ್ ಅನ್ನೋ ಅಂಕಿ ಮತ್ತ ಹೆಚ್‌ಪಿ ಅನ್ನೋ ಅಂಕಿ ಯಾಕ ಎರಡು ಬ್ಯಾರೆ ಇರತಾವ ಅಂದ್ರ ಇದಕ್ಕ.

ಸೈನ್ಯದಿಂದ, ಹಡಗಿನಿಂದ ಒಬ್ಬ ಮನಷ್ಯಾಗ ಈ ಲೆಕ್ಕ ಹತ್ತಿದ್ದು ಅಮೇರಿಕಾದಾಗ. 1971ರಾಗ ಗ್ಯಾರಿ ಗೈಗಾಕ್ಸ್ ಮತ್ತ ಜೆಫ್ ಪೆರೆನ್ ಸೇರಿ ಚೈನ್‌ಮೇಲ್ ಅನ್ನೋ ಆಟದ ಪುಸ್ತಕಾ ತಂದ್ರು. ಮಧ್ಯಯುಗದ ಕಾಳಗದ ಆಟ ಅದು. ಅದರಾಗ ಒಂದ ಪಟ್ಟಿ ಇತ್ತು: ಯಾವ ಆಯುಧ ಯಾವ ಕವಚದ ಮ್ಯಾಲೆ ಎಷ್ಟ ಪರಿಣಾಮ ಮಾಡತದ ಅಂತ. ಇದು ನಮಗ ತಿಳೀಲಾರದ ಮಾತೇನಲ್ಲ. ಈಳಿಗಿ ಮ್ಯಾಲೆ ಬದನಿಕಾಯಿ ಸೀಳತದ, ಒಣಾ ಕೊಬ್ಬರಿ ಜಗ್ಗೂದಿಲ್ಲ. ಗೋಣಿಚೀಲ ಹೊಲೀಲಿಕ್ಕೆ ದಬ್ಬಣ ಬೇಕು, ಅದರಲೆ ಮೆಣಸಿನಕಾಯಿ ಕುಟ್ಟಲಿಕ್ಕೆ ಬರೂದಿಲ್ಲ, ಅದಕ್ಕ ಒಣಕೀನ ಬೇಕು. ಕೊಯ್ಯೋದು, ಚುಚ್ಚೋದು, ಜಜ್ಜೋದು, ಈ ಮೂರೂ ಪೆಟ್ಟ, ಆದ್ರ ಮೂರರ ಜಾತಿ ಬ್ಯಾರೆ. ಡ್ಯಾಮೇಜ್ ಟೈಪ್ ಅಂತ ಹುಡುಗೂರು ಅನ್ನೋದು ಇದನ್ನ.

ಆ ಹೊತ್ತಿನ್ಯಾಗ ಮಿನಿಯಾಪೊಲಿಸ್ ಕಡೆ ಡೇವ್ ಆರ್ನೆಸನ್ ಅನ್ನಾಂವ ಗೆಳ್ಯಾರನ್ನ ಕೂಡಿಸಿಕೊಂಡು ಬ್ಲ್ಯಾಕ್‌ಮೂರ್ ಅನ್ನೋ ಆಟ ಆಡಸ್ತಿದ್ದ. ಸೈನ್ಯದ ಬದ್ಲಿ ಒಬ್ಬೊಬ್ಬರೂ ಒಂದೊಂದ ಪಾತ್ರ. ಆದ್ರ ತೊಂದರಿ ಏನಾತಂದ್ರ, ದಾಳ ಒಮ್ಮೆ ಕೆಟ್ಟ ಬಿತ್ತಂದ್ರ ಪಾತ್ರ ಸತ್ತು ಹೋಗ್ತಿತ್ತು. ತಿಂಗಳಾನುಗಟ್ಟಲೆ ಹೆಸರಿಟ್ಟು ಬೆಳಸಿದ ಪಾತ್ರ ಒಂದ ಪೆಟ್ಟಿಗೆ ಹೋದ್ರ ಯಾರಿಗೆ ಸಹಿಸತದ? ಆರ್ನೆಸನ್ ಮೊದಲ ಅಮೇರಿಕಾದ ಅಂತರ್ಯುದ್ಧದ ಕಬ್ಬಿಣ ಹೊದಿಕಿ ಹಡಗಿನ ಆಟ ಮಾಡಿದ್ದ. ಅದರಾಗಿನ ಎರಡೂ ಲೆಕ್ಕ, ಎಷ್ಟ ಪೆಟ್ಟು ತಾಳತದ ಅನ್ನೋದು ಮತ್ತ ಹೊದಿಕಿ ಎಷ್ಟ ಗಟ್ಟಿ ಅನ್ನೋದು, ಎತ್ತಿ ತಂದು ಮನಷ್ಯಾನ ಪಾತ್ರಕ್ಕ ಹಚ್ಚಿದ. ಒಂದ ಹಡಗಿನ ಲೆಕ್ಕ ಹಿಂಗ ಮನಷ್ಯಾರ ಲೆಕ್ಕ ಆತು. 1974ರಾಗ ಗೈಗಾಕ್ಸ್ ಮತ್ತ ಆರ್ನೆಸನ್ ಇಬ್ಬರ ಹೆಸರಿನ್ಯಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಗ ಬಂತು. ಮೊದಲ ಸಲಾ ಛಾಪಿಸಿದ್ದು ಬರೇ 1000 ಪ್ರತಿ. ಇವತ್ತು ಜಗತ್ತಿನ್ಯಾಗ ಪಾತ್ರ ಬೆಳಸೋ ಆಟ ಎಷ್ಟ ಅವನೋ ಎಲ್ಲಾದಕ್ಕೂ ಇದ ಅಜ್ಜಿ.

ಕ್ರಿಟ್ ಅನ್ನೋದು ಮರುವರ್ಷದ ಮಾತು. 1975ರಾಗ ಎಂಪೈರ್ ಆಫ್ ದ ಪೆಟಲ್ ಥ್ರೋನ್ ಅನ್ನೋ ಆಟ ಬಂತು. ಬರದಾಂವ ಎಂ.ಎ.ಆರ್. ಬಾರ್ಕರ್, ಮಿನೆಸೋಟಾ ವಿಶ್ವವಿದ್ಯಾಲಯದಾಗ ನಮ್ಮ ಕಡೆ ಭಾಷಾ ಕಲಸೋ ಪ್ರಾಧ್ಯಾಪಕ, ಉರ್ದು ಕಲಿಯೋರಿಗೆ ಪಾಠದ ಪುಸ್ತಕಾನೂ ಬರದಾನ. ಇಪ್ಪತ್ತ ಮುಖದ ದಾಳದಾಗ 20 ಬಿದ್ದರ ಪೆಟ್ಟು ಎರಡರಷ್ಟು ಅಂತ ಅಂವ ನೇಮ ಮಾಡಿದ. ಇಪ್ಪತ್ತರಾಗ ಒಂದ ಅಂದ್ರ ನೂರಕ್ಕ ಐದು. ಈ ಐದನ್ನ ನೆನಪಿಟ್ಟುಕೋರಿ, ಮುಂದ ಮತ್ತ ಸಿಗತದ.

ಇನ್ನ ಜಪಾನಿಗೆ ಬರೋಣು. ಕಾಗದದ ಮ್ಯಾಲೆ ದಾಳ ಹಾಕಿ ಆಡೋದನ್ನ ಅಮೇರಿಕಾದವರು ಕಂಪ್ಯೂಟರಿಗೆ ತಂದಿದ್ರು, ವಿಝಾರ್ಡ್ರಿ ಮತ್ತ ಅಲ್ಟಿಮಾ ಅನ್ನೋ ಎರಡ ಆಟ 1981ರಾಗ ಬಂದಿದ್ವು. ಅವನ್ನ ಆಡಿದ ಯೂಜಿ ಹೋರಿ 1986ರಾಗ ಡ್ರ್ಯಾಗನ್ ಕ್ವೆಸ್ಟ್ ಮಾಡಿದ. ಟಿವಿಗೆ ಹಚ್ಚೋ ಸಣ್ಣ ಡಬ್ಬ್ಯಾಗ, ಸಾಲಿ ಹುಡುಗೂರಿಗೂ ತಿಳಿಯೋಹಂಗ. ಮರುವರ್ಷ ಡಿಸೆಂಬರಿನ್ಯಾಗ ಫೈನಲ್ ಫ್ಯಾಂಟಸಿ ಬಂತು. ದಾಳ ಮಾಯ ಆತು, ಲೆಕ್ಕ ಯಂತ್ರದ ಒಳಗ ಹೋತು. ಮಂದಿಗೆ ಕಾಣಿಸೋದು ಬರೇ ಉತ್ತರ.

ಆದ್ರ ಒಳಗಿನ ಲೆಕ್ಕ ಸರಳನ ಇತ್ತು. ಡ್ರ್ಯಾಗನ್ ಕ್ವೆಸ್ಟ್ ಸಾಲಿನ ಆಟಗಳೊಳಗ ಸುಮಾರಾಗಿ ಹಿಂಗ: ಹೊಡಿಯೋರ ಬಲದ ಅರ್ಧ ತೊಗೊಂಡು ಅದರಾಗ ವೈರಿ ಕಾಪಿನ ಕಾಲು ಭಾಗ ಕಳೀಬೇಕು. ಬಲ 40, ಕಾಪು 24 ಇದ್ದರ 20ರಾಗ 6 ಹೋಗಿ 14. ಕಾಪು 80 ಇದ್ದರ 20ರಾಗ 20 ಹೋಗಿ ಏನೂ ಉಳಿಯೂದಿಲ್ಲ. ಇದು ಕಳಿಯೋ ಲೆಕ್ಕ, ಸಣ್ಣ ಪೆಟ್ಟು ದೊಡ್ಡ ಕಾಪಿನ ಮುಂದ ಸೊನ್ನಿ. ಇನ್ನೊಂದು ಪಾಲಿನ ಲೆಕ್ಕ ಅದ, ಪೆಟ್ಟು ಎಷ್ಟರ ಇರಲಿ ಅದರಾಗ ಇಷ್ಟ ಪಾಲು ಕಾಪಿಗೆ ಹೋತು, ಉಳಿದದ್ದು ನಾಟಿತು ಅಂತ. ಇದರಾಗ ಪೆಟ್ಟು ಪೂರಾ ಸೊನ್ನಿ ಆಗೂದಿಲ್ಲ. ಈಗಿನ ಭಾಳ ಗಾಚಾ ಆಟದಾಗ ಈ ಎರಡನೇ ಲೆಕ್ಕನ ಇರತದ.

ಪೆಟ್ಟಿಗೆ ಜಾತಿ ಇರತದ ಅನ್ನೋದನ್ನ ಜಗತ್ತಿನ ಹುಡುಗೂರಿಗೆಲ್ಲಾ ಕಲಿಸಿದ್ದು 1996ರಾಗ ಜಪಾನಿನ್ಯಾಗ ಬಂದ ಪೋಕೆಮಾನ್. ನೀರು ಬೆಂಕೀನ್ನ ಆರಸತದ, ಬೆಂಕಿ ಗಿಡಾನ್ನ ಸುಡತದ, ಗಿಡ ನೀರನ್ನ ಹೀರತದ. ತಕ್ಕ ಜಾತಿ ಹತ್ತಿದ್ರ ಪೆಟ್ಟು ಎರಡರಷ್ಟು, ತಪ್ಪು ಜಾತಿ ಆದ್ರ ಅರ್ಧ, ಕೆಲವಕ್ಕ ಸೊನ್ನಿ. ಕರೆಂಟಿನ ಪೆಟ್ಟು ಮಣ್ಣಿನ ಜಾತಿ ಪ್ರಾಣಿಗೆ ಹತ್ತೂದ ಇಲ್ಲ. ಮೊದಲ ಅವರ ಹತ್ರ 15 ಜಾತಿ ಇದ್ವು, ಈಗ 18 ಅವ. ಪಾಠದಾಗ ಮಗ್ಗಿ ಬಾಯಿಪಾಠ ಮಾಡಲಾರದ ಹುಡುಗೂರು ಈ ಪಟ್ಟಿ ಪೂರಾ ಬಾಯಿಪಾಠ ಮಾಡತಾವ, ಅದನ್ನ ನಾವೆಲ್ಲಾ ಕಂಡೇವಿ.

ಇಲ್ಲೀತನಕ ಇದು ಒಂದ ಕತಿ. ಇದರಾಗ ರೊಕ್ಕ ಬರೇ ಒಮ್ಮೆ: ಆಟ ಕೊಂಡ್ರ ಮುಗೀತು. ಎಷ್ಟ ಗಟ್ಟಿ ಆಗ್ತಿ ಅನ್ನೋದು ಆಡೋರ ತಲಿಗೆ ಮತ್ತ ತಾಳ್ಮಿಗೆ ಬಿಟ್ಟಿದ್ದು.

ಎರಡನೇ ಕತಿ 1965ರಾಗ ಟೋಕಿಯೋದಾಗ ಶುರು ಆತು. ರ್ಯೂಝೋ ಶಿಗೆಟಾ ಅನ್ನೋ ವ್ಯಾಪಾರಿ ಅಮೇರಿಕಾದಿಂದ ಒಂದ ಯಂತ್ರ ತಂದ. ನಾಣ್ಯಾ ಹಾಕಿ ಹಿಡಿಕಿ ತಿರುವಿದ್ರ ಒಂದ ಗುಂಡಾನ ಡಬ್ಬಿ ಬೀಳತದ, ಒಳಗ ಒಂದ ಸಣ್ಣ ಆಟದ ಸಾಮಾನು. ಮೊದಲ 10 ಯೆನ್ನಿಗೆ ಒಂದ. ಯಾವ ಸಾಮಾನು ಬೀಳತದ ಅನ್ನೋದು ನಿಮ್ಮ ಕೈಯಾಗ ಇಲ್ಲ. ಹಿಡಿಕಿ ತಿರುವಿದಾಗ ಗಾಚಾ ಅಂತ ಸಪ್ಪಳ, ಡಬ್ಬಿ ಬಿದ್ದಾಗ ಪೋನ್ ಅಂತ ಸಪ್ಪಳ, ಅದಕ್ಕ ಗಾಚಾಪೋನ್. 1977ರಾಗ ಬಂದಾಯ್ ಕಂಪನಿ ಈ ಧಂಧೆಗೆ ಇಳದು 100 ಯೆನ್ನಿನ ಡಬ್ಬಿ ತಂತು, ಒಂದ ಸಾಲಿನ ಗೊಂಬಿ ಪೂರಾ ಕೂಡಸಬೇಕು ಅನ್ನೋ ಚಟಾ ಅಲ್ಲಿಂದ ಬೆಳೀತು. ನಮ್ಮಲ್ಲೂ ಚಿಪ್ಸ್ ಪಾಕೀಟಿನ್ಯಾಗ, ಬಬಲ್ ಗಮ್ಮಿನ್ಯಾಗ ಚಿತ್ರ ಹುಡುಕಿದ ಪೀಳಿಗೆ ಅದ, ಯಾರಿಗೂ ಬಿಡಿಸಿ ಹೇಳೋದು ಬ್ಯಾಡ.

ಇಂಥಾ ಡಬ್ಬಿ ಕಂಪ್ಯೂಟರ್ ಆಟದೊಳಗ ಮೊದಲ ಕಾಣಿಸಿದ್ದರಾಗ ಒಂದು ಮೇಪಲ್ ಸ್ಟೋರಿಯ ಜಪಾನಿ ಆವೃತ್ತಿ, 2004ರಾಗ. 2010ರಾಗ ಕೊನಾಮಿ ಕಂಪನಿ ಡ್ರ್ಯಾಗನ್ ಕಲೆಕ್ಷನ್ ತಂತು, 2012ರಾಗ ಪಝಲ್ ಅಂಡ್ ಡ್ರ್ಯಾಗನ್ಸ್ ಬಂತು. ಈ ಹಂತದಾಗ ಎರಡೂ ಕತಿ ಒಂದಾದ್ವು. ಆಟ ಪುಕ್ಕಟ. ಆದ್ರ ಡಬ್ಬಿಯೊಳಗ ಬೀಳೋದು ಗೊಂಬಿ ಅಲ್ಲ, ಬಲದ ಅಂಕಿ ಹಚ್ಚಿದ ಪಾತ್ರ. ಇದರಲ್ಲೇ ಎಲ್ಲಾ ಅದ ನೋಡ್ರಿ. ಇನ್ನೂರ ವರ್ಷ ಆಟದ ನ್ಯಾಯಕ್ಕ ಅಂತ ಬೆಳೆಸಿದ ಅಂಕಿ, ಇಲ್ಲೆ ಬಂದು ಮಾರಾಟದ ಸರಕು ಆತು.

ಅದರ ಕೆಟ್ಟ ರೂಪ ಲಗೂನ ಕಂಡಿತು. ಜಪಾನಿನ್ಯಾಗ ಕಂಪು ಗಾಚಾ ಅಂತ ಒಂದಿತ್ತು. ಡಬ್ಬಿಯೊಳಗ ಬೀಳೋ ಐದೋ ಆರೋ ಸಾಮಾನು ಪೂರಾ ಕೂಡಿಸಿದ್ರ ಒಂದ ದೊಡ್ಡ ಬಹುಮಾನ. ಮೊದಲ ನಾಕು ಲಗೂ ಬರತಾವ, ಕಡೀ ಒಂದು ಬರೂದ ಇಲ್ಲ, ಬಂದದ್ದ ಮತ್ತ ಮತ್ತ ಬರತದ. ಇಷ್ಟ ಕೂಡಿಸೇವಿ, ಒಂದಕ್ಕ ಬಿಡೋದು ಹೆಂಗ ಅಂತ ಮಂದಿ ರೊಕ್ಕ ಸುರಿತಾರ. 2012ರ ಮೇ ತಿಂಗಳದಾಗ ಅಲ್ಲಿನ ಗ್ರಾಹಕರ ಇಲಾಖೆ ಇದು ಕಾನೂನಿಗೆ ವಿರುದ್ಧ ಅಂತ ಹೇಳಿತು, ಜುಲೈ 1ರಿಂದ ಅದು ಬಂದ್ ಆತು. ಸಾದಾ ಗಾಚಾ ಮಾತ್ರ ಉಳೀತು. 2015ರಾಗ ಬಂದ ಫೇಟ್ ಗ್ರ್ಯಾಂಡ್ ಆರ್ಡರ್ ಹಂಗ ಉಳದು ಬೆಳದದ್ದು. ಅದರಾಗ ಕತ್ತಿಯಾಂವ ಈಟಿಯಾಂವನ್ನ ಗೆಲ್ಲತಾನ, ಈಟಿಯಾಂವ ಬಿಲ್ಲಿನಾಂವನ್ನ, ಬಿಲ್ಲಿನಾಂವ ಕತ್ತಿಯಾಂವನ್ನ. ಮತ್ತ ಅದ ನೀರು, ಬೆಂಕಿ, ಗಿಡದ ಚಕ್ರ, ಹೆಸರು ಬ್ಯಾರೆ. ಚೀನಾ 2017ರ ಮೇ 1ರಿಂದ ಯಾವ ಸಾಮಾನು ಬೀಳೋ ಸಂಭವ ಎಷ್ಟ ಅನ್ನೋದನ್ನ ಆಟದವರು ಬಹಿರಂಗ ಹೇಳಬೇಕು ಅಂತ ನೇಮ ಮಾಡಿತು. ಅದ ವರ್ಷ ಡಿಸೆಂಬರಿನ್ಯಾಗ ಆ್ಯಪಲ್ ಕಂಪನಿನೂ ತನ್ನ ಅಂಗಡಿಯೊಳಗ ಹಂಗ ಮಾಡಿತು.

ಈಗ ನಮ್ಮ ಹುಡುಗೂರ ಮಾತಿಗೆ ಬರೋಣು. ಪೈರೋ, ಹೈಡ್ರೋ ಅಂತ ಕೇಳಿದ್ರ ಅದು ಗೆನ್‌ಶಿನ್ ಇಂಪ್ಯಾಕ್ಟ್. ಶಾಂಘೈದ ಮಿಹೋಯೋ ಕಂಪನಿದು, 2020ರ ಸೆಪ್ಟೆಂಬರ್ 28ಕ್ಕ ಬಂದದ್ದು. ಇದರಾಗ ಪೆಟ್ಟಿಗೆ ಏಳ ತತ್ವ: ಪೈರೋ ಬೆಂಕಿ, ಹೈಡ್ರೋ ನೀರು, ಎಲೆಕ್ಟ್ರೋ ಸಿಡಲು, ಕ್ರಯೋ ಹಿಮ, ಆ್ಯನಿಮೋ ಗಾಳಿ, ಜಿಯೋ ಕಲ್ಲು, ಡೆಂಡ್ರೋ ಗಿಡ. ಯಾವ ತತ್ವಾನೂ ಇಲ್ಲದ ಬರೇ ಕತ್ತಿ ಪೆಟ್ಟಿಗೆ ಫಿಸಿಕಲ್ ಅಂತಾರ, ಅದು ಎಂಟನೇದು. ಬೆಂಕಿಯ ಲೋಳಿ ಪ್ರಾಣಿಗೆ ಬೆಂಕಿ ಹಚ್ಚಿದ್ರ ಸೊನ್ನಿ, ಅದು ನಮಗೂ ತಿಳೀತದ. ಈ ಆಟದ ಹೆಚ್ಚುಗಾರಿಕಿ ಎರಡ ತತ್ವ ಕೂಡಿದಾಗ. ವೈರಿಗೆ ಬೆಂಕಿ ಹತ್ತಿರಬೇಕಾದ್ರ ನೀರಿನ ಪೆಟ್ಟು ಬಿದ್ದರ ಅದು ಎರಡರಷ್ಟು. ತೊಯ್ದ ವೈರಿಗೆ ಬೆಂಕಿ ಪೆಟ್ಟು ಬಿದ್ದರ ಒಂದೂವರಿಯಷ್ಟು. ಯಾವುದು ಮೊದಲ ಯಾವುದು ಆಮ್ಯಾಲೆ ಅನ್ನೋದಕ್ಕ ಬೆಲಿ ಅದ. ಒಗ್ಗರಣಿಗೆ ಮೊದಲ ಸಾಸಿವಿ ಆಮ್ಯಾಲೆ ಕರಿಬೇವು ಅನ್ನೋದು ನಮಗ ಯಾರೂ ಹೇಳಿಕೊಡೋದು ಬ್ಯಾಡಲ್ಲಾ, ಹಂಗ.

ಅಂಕಿಗಳು ಇಷ್ಟ: ಹೆಚ್‌ಪಿ ಅಂದ್ರ ಜೀವ, ಅಟ್ಯಾಕ್ ಅಂದ್ರ ಬಲ, ಡಿಫೆನ್ಸ್ ಅಂದ್ರ ಕಾಪು. ಕ್ರಿಟ್ ರೇಟ್ ಅಂದ್ರ ನೂರ ಪೆಟ್ಟಿನ್ಯಾಗ ಎಷ್ಟ ಪೆಟ್ಟು ಜೋರ ಬೀಳತಾವ, ಕ್ರಿಟ್ ಡ್ಯಾಮೇಜ್ ಅಂದ್ರ ಹಂಗ ಬಿದ್ದಾಗ ಎಷ್ಟ ಹೆಚ್ಚಿಗಿ. ಶುರುವಿನ್ಯಾಗ ಎಲ್ಲಾ ಪಾತ್ರಕ್ಕೂ ಕ್ರಿಟ್ ರೇಟ್ 5, ಕ್ರಿಟ್ ಡ್ಯಾಮೇಜ್ 50. ಬಾರ್ಕರ್‌ನ ದಾಳದ ನೂರಕ್ಕ ಐದು ಹೇಳಿದ್ನಲ್ಲಾ, ಇಲ್ಲೂ ಐದನ ಅದ.

ಒಂದ ಪೆಟ್ಟಿನ ಲೆಕ್ಕ ಮಾಡಿ ನೋಡೋಣು. ಬಲ 2000, ವಿದ್ಯಾದ ಪಾಲು ನೂರಕ್ಕ 200, ಅಂದ್ರ 4000. ತತ್ವದ ಹೆಚ್ಚಿಗಿ ನೂರಕ್ಕ 50, ಆತು 6000. ಜೋರ ಬಿತ್ತು, ಕ್ರಿಟ್ ಡ್ಯಾಮೇಜ್ 100, ಆತು 12,000. ವೈರೀದೂ ನಮ್ಮದೂ ಮಟ್ಟ ಸಮ ಇದ್ದರ ಕಾಪಿನ ಪಾಲಿಗೆ ಅರ್ಧ ಹೋಗತದ, ಉಳೀತು 6000. ಸಾಮಾನ್ಯ ವೈರಿಗೆ ತತ್ವದ ತಡಿ ನೂರಕ್ಕ 10, ಅದೂ ಹೋಗಿ 5400. ಇದ ಪೆಟ್ಟು ನೀರಿಂದಿದ್ದು, ವೈರಿಗೆ ಬೆಂಕಿ ಹತ್ತಿದ್ದರ 10,800. ನೋಡ್ರಿ, ಯಾವುದೂ ಕೂಡಿಸೋದಿಲ್ಲ, ಎಲ್ಲಾ ಗುಣಾಕಾರ.

ಇದರ ಗುಟ್ಟು ಹುಡುಗೂರಿಗೂ ಪೂರಾ ಗೊತ್ತಿರೂದಿಲ್ಲ, ಅದಕ್ಕ ಬಿಡಿಸಿ ಹೇಳತೇನಿ. ಒಂದ ಜಾತಿ ಹೆಚ್ಚಿಗಿ ತಮ್ಮ ತಮ್ಮೊಳಗ ಕೂಡತಾವ, ಬ್ಯಾರೆ ಜಾತಿವು ಗುಣಾಕಾರ ಆಗತಾವ. ಬಲಕ್ಕ ಆಗಲೇ ನೂರಕ್ಕ 100 ಹೆಚ್ಚಿಗಿ ಅದ ಅನ್ರಿ, 200 ಪಾಲಾತು. ಅದಕ್ಕ ಮತ್ತ 20 ಹಾಕಿದ್ರ 220, ಅಂದ್ರ ಖರೇ ಲಾಭ ನೂರಕ್ಕ 10 ಅಷ್ಟ. ಅದ 20ನ್ನ ಇನ್ನೂ ಏನೂ ಹಾಕಲಾರದ ಬ್ಯಾರೆ ಜಾತಿಗೆ ಹಾಕಿದ್ರ ಪೂರಾ 20 ಲಾಭ. ಸಾರಿಗೆ ಉಪ್ಪು ಆಗಲೇ ಬಿದ್ದಿದ್ರ ಮತ್ತ ಉಪ್ಪು ಹಾಕಿ ಏನ ಮಾಡೋದು, ಹುಣಸಿಹಣ್ಣು ಹಾಕ್ರಿ.

ಕ್ರಿಟ್ಟಿಗೂ ಹಂಗ. ಸರಾಸರಿ ಹೆಚ್ಚಿಗಿ ಅಂದ್ರ ಕ್ರಿಟ್ ರೇಟ್ ಮತ್ತ ಕ್ರಿಟ್ ಡ್ಯಾಮೇಜಿನ ಗುಣಾಕಾರ. 1000ದ ಪೆಟ್ಟು, ಶುರುವಿನ 5 ಮತ್ತ 50 ಇದ್ದರ ಸರಾಸರಿ 1025, ಏನೂ ಅಲ್ಲ. 50 ಮತ್ತ 100 ಇದ್ದರ 1500. ಈ ಆಟದಾಗ ಒಂದ ಅಂಶ ಕ್ರಿಟ್ ರೇಟ್ ಸಿಗೋ ಜಾಗಾದಾಗ ಎರಡ ಅಂಶ ಕ್ರಿಟ್ ಡ್ಯಾಮೇಜ್ ಸಿಗತದ. ಅದ ಬೆಲೀಲೆ 30 ಮತ್ತ 140 ಮಾಡಿಕೊಂಡ್ರ 1420. 70 ಮತ್ತ 60 ಮಾಡಿಕೊಂಡ್ರೂ 1420. ನಡುವಿನ 50 ಮತ್ತ 100 ಮ್ಯಾಲುಗೈ. ಅದಕ್ಕ ಹುಡುಗೂರು ಒಂದಕ್ಕ ಎರಡು ಅಂತ ಮಂತ್ರ ಹೇಳಿಕೊಳ್ಳತಾವ. ನೂರ ದಾಟಿದ ಕ್ರಿಟ್ ರೇಟ್ ತುಂಬಿದ ಕೊಡಕ್ಕ ನೀರು ಹೊಯ್ದಂಗ, ಹೊರಗ ಹರೀತದ.

ಇಷ್ಟಕ್ಕೂ ರೊಕ್ಕ ಬೇಕಿಲ್ಲ ಅನ್ನೋದು ಇಲ್ಲಿ ಮುಖ್ಯ. ತೊಡಿಗಿ ಹುಡುಕಿ, ಸರಿಯಾಗಿ ಜೋಡಿಸಿ, ಲೆಕ್ಕ ಹಾಕಿ ಇದ್ದ ಪಾತ್ರಾನ್ನ ಗಟ್ಟಿ ಮಾಡಲಿಕ್ಕೆ ಬರತದ. ರೊಕ್ಕ ಕೇಳೋದು ಹೊಸಾ ಪಾತ್ರ ಎಳಿಯೋವಾಗ. ಅದಕ್ಕ ಪುಲ್ ಅಂತಾರ. ಅದರ ಲೆಕ್ಕಾನೂ ನೋಡೋಣು.

ಪಂಚತಾರಾ ಪಾತ್ರ ಬೀಳೋ ಸಂಭವ ಒಂದ ಎಳತಕ್ಕ ನೂರಕ್ಕ 0.6, ಸಾವಿರಕ್ಕ ಆರು. 90 ಎಳತಕ್ಕ ಒಂದ ಖಾತ್ರಿ, ಇದ ಪಿಟಿ, ಅಂದ್ರ ಕರುಣಾ. ಈ ಕರುಣಾ ಇರದಿದ್ರ 90 ಸಲಾ ಎಳದ ನೂರ ಮಂದ್ಯಾಗ ಸುಮಾರು 58 ಮಂದಿ ಬರಿಗೈಲೆ ಹೋಗ್ತಿದ್ರು, ನೀವೂ ಕ್ಯಾಲ್ಕುಲೇಟರಿನ್ಯಾಗ 0.994ನ್ನ 90 ಸಲಾ ಗುಣಾಕಾರ ಮಾಡಿ ನೋಡಬಹುದು. ಖಾತ್ರಿ ಬಿದ್ದ ಪಾತ್ರಾನೂ ಬೇಕಾದದ್ದ ಇರತದ ಅಂತ ಇಲ್ಲ. ಶುರುವಿನ ನೇಮದಾಗ ಅರ್ಧಕ್ಕರ್ಧ ಸಂಭವ, ತಪ್ಪಿದ್ರ ಮುಂದಿನದು ಖಾತ್ರಿ. ಅಂದ್ರ ಭಾಳ ಕೆಟ್ಟ ನಸೀಬಿದ್ದರ 180 ಎಳತ. ಒಂದ ಎಳತಕ್ಕ 160 ಪ್ರೈಮೋಜೆಮ್, ಒಟ್ಟ 28,800. ಪುಕ್ಕಟ ಸಿಗೋದು ದಿನಾ ಸ್ವಲ್ಪ ಸ್ವಲ್ಪ, ಹಿಂಗಾಗಿ ತಿಂಗಳಾನುಗಟ್ಟಲೆ ಕೂಡಿಸಿಡಬೇಕು.

ಅವಸರದವರು ಕೊಳ್ಳತಾರ. ರೂಪಾಯಿ ಕೊಟ್ಟರ ಜೆನೆಸಿಸ್ ಕ್ರಿಸ್ಟಲ್, ಅದನ್ನ ಬದಲಿಸಿದ್ರ ಪ್ರೈಮೋಜೆಮ್, ಅದನ್ನ ಬದಲಿಸಿದ್ರ ಎಳಿಯೋ ಚೀಟಿ. ಮೂರ ಕೈ ದಾಟಿದ ಮ್ಯಾಲೆ ಒಂದ ಎಳತಕ್ಕ ಎಷ್ಟ ರೂಪಾಯಿ ಹೋತು ಅನ್ನೋದು ತಲಿಗೆ ಹೊಳಿಯೂದ ಇಲ್ಲ. ಇದು ಬರೇ ತಾಯಂದಿರ ತಕರಾರು ಅಲ್ಲ. 2025ರ ಜನವರಿಯಾಗ ಅಮೇರಿಕಾದ ಫೆಡರಲ್ ಟ್ರೇಡ್ ಕಮಿಷನ್ ಇದ ಮಾತು ಎತ್ತಿತ್ತು, ಹುಡುಗೂರಿಗೆ ಖರೇ ಬೆಲಿ ಮತ್ತ ಸಂಭವ ತಿಳೀಲಾರದಂಗ ಮಾಡ್ಯಾರ ಅಂತ. ಆಟದವರು 2 ಕೋಟಿ ಡಾಲರ್ ಕೊಟ್ಟು ಬಗೆಹರಿಸಿಕೊಳ್ಳಲಿಕ್ಕೆ ಒಪ್ಪಿದ್ರು. 16 ವರ್ಷದೊಳಗಿನವರು ತಂದಿ ತಾಯಿ ಒಪ್ಪಿಗಿ ಇಲ್ಲದ ಅದರಾಗ ಕೊಳ್ಳೋಹಂಗಿಲ್ಲ ಅನ್ನೋದೂ ಆ ಒಪ್ಪಂದದಾಗ ಸೇರೇದ. ಆ ನೇಮ ಅಮೇರಿಕಾದ ಮಕ್ಕಳಿಗೆ. ನಮ್ಮ ಮಕ್ಕಳಿಗೆ ನಾವ ನೇಮ ಮಾಡಬೇಕು.

ನಮ್ಮ ಓಣ್ಯಾಗ ಹೋದ ವರ್ಷ ಒಂದ ಮನ್ಯಾಗ ಟ್ಯೂಷನ್ ಫೀ ಅಂತ ಖಾತೆದಾಗ ಇಟ್ಟ ರೊಕ್ಕ ಸಣ್ಣ ಸಣ್ಣ ಮೊತ್ತದಾಗ ಹಿಂಗ ಖಾಲಿ ಆತು. ಮನಿ ಹೆಸರು ಬ್ಯಾಡ, ಆಟದ ಹೆಸರೂ ಬ್ಯಾಡ. ಹುಡುಗ ಹದಿನಾಲ್ಕ ವರ್ಷದಾಂವ, ಕಳ್ಳ ಅಲ್ಲ. ಅವನ ಅವ್ವ ಹೇಳಿದ್ದು ನನ್ನ ಮನಸಿನ್ಯಾಗ ಕೂತದ: "ಅಂವ ಪ್ರತಿ ಸಲಾ ಇದ ಕಡೀದು, ಇದ ಕಡೀದು ಅಂತನ ಎಳದಾನ್ರೀ." ಹೊಡದ್ರು, ಫೋನ್ ಕಸಗೊಂಡ್ರು, ಎರಡ ತಿಂಗಳ ಮನ್ಯಾಗ ಮಾತಿಲ್ಲ. ಆ ಹುಡುಗಗ ಲೆಕ್ಕ ಬರತಿರಲಿಲ್ಲ ಅಂತಲ್ಲ. ಪೆಟ್ಟಿನ ಲೆಕ್ಕ ಬೆರಳ ತುದೀಗೆ ಇತ್ತು. ಎಳತದ ಲೆಕ್ಕ ಮಾತ್ರ ಯಾರೂ ಅವನ ಕೂಡ ಕೂತು ಹಾಕಿರಲಿಲ್ಲ. "ಇಷ್ಟ ಸಲಾ ಬರಲಿಲ್ಲ, ಇನ್ನ ಬಂದ ಬರತದ" ಅನ್ನೋದು ಪಿಟಿ ಇದ್ದಲ್ಲೆ ಮಾತ್ರ, ಅದೂ ಆ ಎಣಿಕಿ ಮುಟ್ಟಿದಾಗ ಮಾತ್ರ ಖರೇ. ಪಿಟಿ ಇಲ್ಲದ ಆಟದಾಗ ನೂರನೇ ಎಳತಕ್ಕೂ ಮೊದಲನೇ ಎಳತಕ್ಕೂ ಸಂಭವ ಒಂದ.

ಇನ್ನೊಂದು ತಿಳಕೊಳ್ಳೋದು ಅದ. ಇಂಥಾ ಆಟದಾಗ ವೈರಿಗಳನ್ನ ಮಾಡೋರೂ ಅವರ, ಪಾತ್ರ ಮಾರೋರೂ ಅವರ. ಹೊಸಾ ಹಿಮದ ಪಾತ್ರ ಮಾರಲಿಕ್ಕೆ ಬಂದಾಗ ಹಿಮಕ್ಕ ಅಂಜೋ ವೈರೀನ್ನ ತಂದು ನಿಲ್ಲಸಲಿಕ್ಕೆ ಅವರಿಗೆ ಬರತದ. ರೈಸ್‌ವಿಟ್ಸ್‌ನ ಮೇಜಿನ ಬಾಜೂಕ ಇಬ್ಬರಿಗೂ ಸಂಬಂಧ ಇಲ್ಲದ ಒಬ್ಬ ಪಂಚ ಕೂಡ್ತಿದ್ದ, ನಷ್ಟಾ ಅಂವ ಹೇಳ್ತಿದ್ದ. ಇಲ್ಲೆ ಪಂಚನ ಅಂಗಡಿಕಾರ.

ಹಂಗಂತ ಆಟಾನ್ನ ಪೂರಾ ಬೈದು ಬಿಡೋದೂ ಬರೋಬರಿ ಅಲ್ಲ. ಶೇಕಡಾ, ಸರಾಸರಿ, ಗುಣಾಕಾರ, ಸಂಭವ, ಸಾಲ್ಯಾಗ ಓದಿ ಮರಿಯೋದನ್ನೆಲ್ಲಾ ಹುಡುಗೂರು ಇದರಾಗ ತಾವಾಗೇ ಮಾಡತಾವ. ಮುಂದಿನ ಸಲ ಮಗಾನೋ ಮಗಳೋ ಮೊಮ್ಮಗಾನೋ ಕ್ರಿಟ್ ಅಂದಾಗ ಬಾಜೂಕ ಕೂತು ನಾಕ ಪ್ರಶ್ನಿ ಕೇಳ್ರಿ. ನಿನ್ನ ಕ್ರಿಟ್ ರೇಟ್ ಎಷ್ಟು, ಡ್ಯಾಮೇಜ್ ಎಷ್ಟು, ಗುಣಾಕಾರ ಮಾಡಿ ಸರಾಸರಿ ಹೇಳು. ಈ ವೈರಿ ಯಾವ ತತ್ವಕ್ಕ ಅಂಜತಾನ, ಹಂಗಿನ ಪಾತ್ರ ನಿನ್ನ ಹತ್ರ ಆಗಲೇ ಅದನೋ ಇಲ್ಲೋ. ಬೇಕಾದ ಪಾತ್ರ ಬೀಳೋ ಸಂಭವ ಎಷ್ಟ ಅಂತ ಬರದಾರ, ತೋರಸು. ಒಂದ ಎಳತಕ್ಕ ರೂಪಾಯಿ ಎಷ್ಟು ಬೀಳತದ, ಕಾಗದದ ಮ್ಯಾಲೆ ಮಾಡಿ ತೋರಸು.

ಮೊದಲ ಮೂರಕ್ಕ ಹುರುಪಿಲೆ ಉತ್ತರಾ ಬರತಾವ, ನಾಕನೇದಕ್ಕ ಸ್ವಲ್ಪ ಹೊತ್ತು ಹಿಡೀತದ. ಹಿಡೀಲಿ. ಫೋನಿನ ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ರನ ಇರಲಿ.